ತೂತು ಒಂದೇ, ಹಕ್ಕುದಾರರು ನಾಲ್ಕು: ಮೈಕ್ ಪಿನ್ನಿನ ಕಥೆ

ಕಳೆದ ವರ್ಷ ಆಟಿ ತಿಂಗಳಲ್ಲಿ ಕಡಬ ತಾಲೂಕಿನ ಒಂದು ಮನೆಗೆ ಹೋಗಿದ್ದೆ. ಆ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರಿದ್ದಾರೆ. ಗದ್ದೆ ಇದ್ದ ಕಾಲದಲ್ಲಿ ನೇಜಿ ನೆಡುತ್ತಾ ಪಾಡ್ದನ ಹೇಳುತ್ತಿದ್ದವರು. ಗದ್ದೆಯೆಲ್ಲ ಅಡಿಕೆ ತೋಟ ಆಗಿ ಎಷ್ಟೋ ವರ್ಷ ಆಯಿತು. ಪಾಡ್ದನ ಮಾತ್ರ ಅಜ್ಜಿಯ ಬಾಯಲ್ಲಿ ಉಳಿದಿದೆ. ಅದನ್ನು ದಾಖಲಿಸಿಕೊಳ್ಳಬೇಕು ಎಂದು ಲ್ಯಾಪ್‌ಟಾಪ್ ಹಿಡಿದುಕೊಂಡು, ಹೊಸದಾಗಿ ತೆಗೆದ ಒಂದು ಕಾಲರ್ ಮೈಕ್ ಕಿಸೆಗೆ ಹಾಕಿಕೊಂಡು ಹೊರಟಿದ್ದೆ.

ಅಜ್ಜಿಯ ಸೀರೆಯ ಸೆರಗಿಗೆ ಮೈಕ್ ಸಿಕ್ಕಿಸಿದೆ. ಪಿನ್ನನ್ನು ಲ್ಯಾಪ್‌ಟಾಪಿನ ಬದಿಯಲ್ಲಿದ್ದ ಒಂದೇ ಒಂದು ತೂತಿಗೆ ತುರುಕಿದೆ. ಟಕ್ ಎಂದು ಕೂತಿತು. ರೆಕಾರ್ಡಿಂಗ್ ಒತ್ತಿದೆ. ಪರದೆ ಮೇಲೆ ಗೆರೆಗಳು ಕುಣಿದವು. ಅಜ್ಜಿ ಮುಕ್ಕಾಲು ಗಂಟೆ ಹೇಳಿದರು. ನಡುವೆ ಒಮ್ಮೆ ನೀರು ಕುಡಿದರು, ಒಮ್ಮೆ ಕಣ್ಣು ಒರೆಸಿಕೊಂಡರು.

ರಾತ್ರಿ ಮನೆಗೆ ಬಂದು ಕೇಳಿದರೆ, ಮುಂದೆಯೇ ಕೇಳುವುದು ಲ್ಯಾಪ್‌ಟಾಪಿನ ಫ್ಯಾನ್. ನಾನು ಮೇಜಿಗೆ ಕೈ ಊರಿದ ಸದ್ದು. ಹಂಚಿನ ಮೇಲೆ ಮಳೆ. ಅಜ್ಜಿಯ ಸ್ವರ ಅದರೆಲ್ಲದರ ಹಿಂದೆ, ಪಕ್ಕದ ಮನೆಯಲ್ಲಿ ಯಾರೋ ಮಾತಾಡಿದ ಹಾಗೆ. ಸೆರಗಿನಲ್ಲಿದ್ದ ಮೈಕ್ ಒಂದು ಅಕ್ಷರವನ್ನೂ ಹಿಡಿದಿರಲಿಲ್ಲ. ಅಷ್ಟು ಹೊತ್ತು ಕೆಲಸ ಮಾಡಿದ್ದು ಲ್ಯಾಪ್‌ಟಾಪಿನ ಒಳಗೇ ಇರುವ ಸಣ್ಣ ಮೈಕ್.

ಮರುದಿನ ಪರಿಚಯದ ಸೌಂಡ್ಸ್‌ನವರ ಹತ್ತಿರ ಮೈಕ್ ತೋರಿಸಿದೆ. "ಮೈಕ್ ಒಳ್ಳೆಯದುಂಟು. ಲ್ಯಾಪ್‌ಟಾಪೂ ಒಳ್ಳೆಯದುಂಟು. ಆದರೆ ಪಿನ್ ಹೋಗ್ತದೆ ಅಂತ ಹೇಳಿ ಅದು ಅಲ್ಲಿಯದ್ದೇ ಆಗ್ಬೇಕಂತ ಉಂಟಾ ಮಾರಾಯ್ರೆ?" ಎಂದು ನಕ್ಕರು.

ಆ ಮಾತಿನ ಬೆನ್ನು ಹಿಡಿದು ಹೋದಾಗ ಸಿಕ್ಕಿದ ಕಥೆ ಇದು. ಸಣ್ಣ ತೂತಿನದ್ದು, ಆದರೆ ಕಥೆಗೆ ಸುಮಾರು 150 ವರ್ಷ ವಯಸ್ಸು.

ಜ್ಯಾಕ್ ಎಂಬ ಹೆಸರು ಬಂದದ್ದು

ನಮ್ಮಲ್ಲಿ ಜ್ಯಾಕ್ ಎಂದರೆ ಮೊದಲು ನೆನಪಾಗುವುದು ಜೀಪಿನ ಟಯರ್ ಬದಲಿಸುವಾಗ ಅಡಿಗೆ ಇಡುವ ಜ್ಯಾಕ್. ಲ್ಯಾಪ್‌ಟಾಪಿನ ಜ್ಯಾಕ್ ಬೇರೆ, ಅದು ಹುಟ್ಟಿದ್ದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ.

ಅಲೆಕ್ಸಾಂಡರ್ ಗ್ರಹಾಂ ಬೆಲ್ ಟೆಲಿಫೋನಿಗೆ ಪೇಟೆಂಟ್ ಪಡೆದದ್ದು 1876ರಲ್ಲಿ. ಎರಡೇ ವರ್ಷದಲ್ಲಿ, 1878ರ ಜನವರಿಯಲ್ಲಿ, ಅಮೆರಿಕದ ನ್ಯೂ ಹೇವನ್ ಎಂಬ ಊರಿನಲ್ಲಿ ಸಾರ್ವಜನಿಕರಿಗಾಗಿ ಟೆಲಿಫೋನ್ ಎಕ್ಸ್‌ಚೇಂಜ್ ಶುರುವಾಯಿತು. ಎಲ್ಲರ ತಂತಿಯೂ ಒಂದು ಹಲಗೆಗೆ ಬರುವುದು, ಅಲ್ಲಿ ಕೂತವರು ಯಾರ ತಂತಿಯನ್ನು ಯಾರಿಗೆ ಬೇಕೋ ಅವರಿಗೆ ಜೋಡಿಸುವುದು. ಆ ಕಾಲದಲ್ಲಿ ಚಾರ್ಲ್ಸ್ ಸ್ಕ್ರಿಬ್ನರ್ ಎಂಬ ಎಂಜಿನಿಯರ್ ಜೋಡಣೆಗೆ ಒಂದು ಸ್ವಿಚ್ ಮಾಡಿದ. ನೋಡಲಿಕ್ಕೆ ಮಡಚುವ ಚಾಕುವಿನ ಹಾಗಿತ್ತು. ಅಂಥ ಚಾಕುವಿಗೆ ಅಲ್ಲಿ ಜ್ಯಾಕ್‌ನೈಫ್ ಎಂದು ಹೆಸರು. ಬರಬರುತ್ತಾ ಚಾಕು ಬಿದ್ದುಹೋಗಿ ಜ್ಯಾಕ್ ಉಳಿಯಿತು. ಒಳಗೆ ಹೋಗುವುದಕ್ಕೆ ಪ್ಲಗ್ ಎಂದರು. ನಾವು ಪಿನ್ ಎನ್ನುತ್ತೇವೆ.

ಆ ಪಿನ್ನಿನ ದಪ್ಪ ಕಾಲು ಇಂಚು, ಅಂದರೆ 6.35 ಮಿಲಿಮೀಟರ್. ಮೂರು ಭಾಗ: ತುದಿ, ನಡುವೆ ಒಂದು ಉಂಗುರ, ಹಿಂದೆ ತೋಳು. ಟೆಲಿಫೋನ್ ಲೈನಿಗೆ ಎರಡು ತಂತಿ ಬೇಕು. ಒಂದು ತುದಿಗೆ, ಇನ್ನೊಂದು ಉಂಗುರಕ್ಕೆ. ಇಂದಿಗೂ ಟೆಲಿಫೋನ್ ಇಲಾಖೆಯ ಹಳಬರು ಲೈನಿನ ಎರಡು ತಂತಿಗೆ ಟಿಪ್, ರಿಂಗ್ ಎಂದೇ ಹೇಳುವುದು. ಅದು ಗಂಟೆ ಬಾರಿಸುವ ರಿಂಗ್ ಅಲ್ಲ, ಪಿನ್ನಿನ ಉಂಗುರ.

ಭಾರತಕ್ಕೆ ಎಕ್ಸ್‌ಚೇಂಜ್ ಬಂದದ್ದು 1882ರಲ್ಲಿ, ಕಲ್ಕತ್ತಾ, ಬೊಂಬಾಯಿ, ಮದರಾಸುಗಳಿಗೆ. ಹಳ್ಳಿಗಳಿಗೆ ಬರುವಷ್ಟರಲ್ಲಿ ತುಂಬಾ ಕಾಲ ಹಿಡಿಯಿತು. ಟ್ರಂಕ್ ಕಾಲ್ ಬುಕ್ ಮಾಡಿ ಪೋಸ್ಟಾಫೀಸಿನ ಬೆಂಚಿನಲ್ಲಿ ಕಾದವರು ನಮ್ಮಲ್ಲಿ ಈಗಲೂ ಇದ್ದಾರೆ. ಅವರು ಕಾಯುತ್ತಿದ್ದದ್ದು, ದೂರದಲ್ಲೆಲ್ಲೋ ಒಬ್ಬರು ಪಿನ್ ತೆಗೆದು ಸರಿಯಾದ ತೂತಿಗೆ ಹಾಕುವುದನ್ನು.

ಆ ಪಿನ್ನಿನ ಕೆಲಸ ಮುಗಿಸಿದ ಕಥೆಗೆ ಕರ್ನಾಟಕದ ಊರೊಂದರ ಹೆಸರಿದೆ. ಸಿ-ಡಾಟ್ ಸಂಸ್ಥೆ ನಮ್ಮ ಹಳ್ಳಿಗಳ ಧೂಳು, ಸೆಖೆ ತಡೆಯುವಂತೆ 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜ್ ರೂಪಿಸಿತು. ಅದನ್ನು ಮೊದಲು ಕೂಡಿಸಿದ್ದು ಕಿತ್ತೂರಿನಲ್ಲಿ, 1986ರಲ್ಲಿ. ಆಮೇಲೆ ಕೈಯಿಂದ ಪಿನ್ ಹಾಕುವ ಎಕ್ಸ್‌ಚೇಂಜುಗಳು ಒಂದೊಂದಾಗಿ ಮುಚ್ಚಿದವು.

ಆದರೆ ಪಿನ್ ಸಾಯಲಿಲ್ಲ. ಅದಾಗಲೇ ಮೈಕ್‌ಸೆಟ್ಟಿಗೆ ಹೋಗಿ ಸೇರಿತ್ತು. ಜಾತ್ರೆ, ಮದುವೆ, ಯಕ್ಷಗಾನ ಎಲ್ಲ ಕಡೆ ಆಂಪ್ಲಿಫಯರಿಗೆ ಹಾಕುವ ಆ ದಪ್ಪ ಪಿನ್ನಿಗೆ ನಮ್ಮ ಅಂಗಡಿಗಳಲ್ಲಿ ಪಿ-38 ಎಂದು ಹೆಸರು. ಟೆಲಿಫೋನ್ ಪಿನ್ನಿನ ದಾಯಾದಿ ಅದು.

ಬಾಯಿ, ಕಿವಿ ಮೊದಲು ಒಂದೇ ಇತ್ತು

ಇನ್ನು ಮೈಕಿನ ಕಡೆಗೆ ಬರುವ. ಬೆಲ್‌ನ ಮೊದಮೊದಲ ಫೋನುಗಳಲ್ಲಿ ಮಾತಾಡಲಿಕ್ಕೂ ಕೇಳಲಿಕ್ಕೂ ಒಂದೇ ಸಾಧನ. ಮಾತಾಡುವಾಗ ಬಾಯಿಗೆ, ಕೇಳುವಾಗ ಕಿವಿಗೆ ಹಿಡಿಯಬೇಕು. ಆಯಸ್ಕಾಂತದ ಮುಂದೆ ತೆಳು ತಗಡು ನಡುಗಿದರೆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಅದೇ ಸುರುಳಿಗೆ ವಿದ್ಯುತ್ ಕೊಟ್ಟರೆ ತಗಡು ನಡುಗಿ ಸ್ವರ ಬರುತ್ತದೆ. ಹಾಗಾಗಿ ಸ್ಪೀಕರ್ ಮತ್ತು ಮೈಕ್ ಮೂಲದಲ್ಲಿ ಒಂದೇ ಹೊಟ್ಟೆಯ ಮಕ್ಕಳು.

ಆದರೆ ಆ ಸ್ವರ ತೀರಾ ಕ್ಷೀಣ. ಎಡಿಸನ್ ಮುಂತಾದವರು 1877ರ ಹೊತ್ತಿಗೆ ಇಂಗಾಲದ ಮೈಕ್ ತಂದರು. ಅದು ತಾನೇ ವಿದ್ಯುತ್ ಹುಟ್ಟಿಸುವುದಿಲ್ಲ. ಬ್ಯಾಟರಿಯಿಂದ ಬರುವ ವಿದ್ಯುತ್ತನ್ನು ಸ್ವರಕ್ಕೆ ತಕ್ಕಂತೆ ಹೆಚ್ಚು ಕಡಿಮೆ ಮಾಡುತ್ತದೆ. ಅಲ್ಲಿಂದ ಬಾಯಿ ಬೇರೆ, ಕಿವಿ ಬೇರೆ ಆಯಿತು. ಅಷ್ಟೇ ಮುಖ್ಯ ಇನ್ನೊಂದು ಭೇದವೂ ಹುಟ್ಟಿತು: ವಿದ್ಯುತ್ ಊಡಬೇಕಾದ ಮೈಕ್, ಊಡದಿದ್ದರೂ ನಡೆಯುವ ಮೈಕ್.

ಸಭೆಯಲ್ಲಿ ಕೈಯಲ್ಲಿ ಹಿಡಿಯುವ ತಂತಿಯ ದೊಡ್ಡ ಮೈಕ್ ಹೆಚ್ಚಾಗಿ ಎರಡನೇ ಜಾತಿಯದ್ದು, ಸುರುಳಿ ಮತ್ತು ಆಯಸ್ಕಾಂತದ ಡೈನಾಮಿಕ್ ಮೈಕ್. ಕಾಲರ್ ಮೈಕ್ ಮೊದಲನೇ ಜಾತಿಯದ್ದು. ಅದರ ಬೀಜ ಬಿದ್ದದ್ದು 1962ರಲ್ಲಿ. ಬೆಲ್ ಲ್ಯಾಬ್ಸ್‌ನಲ್ಲಿ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ ಎಂಬ ಇಬ್ಬರು, ವಿದ್ಯುದಂಶವನ್ನು ವರ್ಷಗಟ್ಟಲೆ ಹಿಡಿದಿಟ್ಟುಕೊಳ್ಳುವ ತೆಳು ಪ್ಲಾಸ್ಟಿಕ್ ಹಾಳೆಯ ಎಲೆಕ್ಟ್ರೆಟ್ ಮೈಕ್ ಮಾಡಿದರು. ಕಡಿಮೆ ಬೆಲೆ, ಕಡಲೆಯಷ್ಟು ಗಾತ್ರ. ಮುಂದೆ ಟೇಪ್ ರೆಕಾರ್ಡರು, ಫೋನು, ಎಲ್ಲದರೊಳಗೂ ಅದೇ ಕೂತಿತು. ಆದರೆ ಅದರೊಳಗಿನ ಸಣ್ಣ ಟ್ರಾನ್ಸಿಸ್ಟರಿಗೆ ಎರಡು ಮೂರು ವೋಲ್ಟ್ ಬೇಕೇ ಬೇಕು. ಅದನ್ನು ಮೈಕಿನ ತಂತಿಯಲ್ಲೇ ಆಚೆ ಕಡೆಯಿಂದ ಕಳುಹಿಸಬೇಕು. ಕಳುಹಿಸದಿದ್ದರೆ ಆ ಮೈಕ್ ಬರೇ ಒಂದು ಗುಂಡಿ.

ನಮ್ಮವರ ಸ್ವರ ತಂತಿಗೆ ಸಿಕ್ಕಿದ್ದು

ಕನ್ನಡ ನಾಡಿನಲ್ಲಿ ಮೈಕಿನ ಮುಂದೆ ಕೂತು ದೂರದವರೊಡನೆ ಮಾತಾಡುವ ಕೆಲಸ ದೊಡ್ಡ ಕಟ್ಟಡದಲ್ಲಿ ಶುರುವಾದದ್ದಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ವಿಠ್ಠಲ ವಿಹಾರದಿಂದಲೇ ರೇಡಿಯೋ ಪ್ರಸಾರ ಆರಂಭಿಸಿದರು. ಟ್ರಾನ್ಸ್‌ಮಿಟರ್ 30 ವಾಟಿನದ್ದು. ಆ ನಿಲಯದ ಹೆಸರೇ ಆಕಾಶವಾಣಿ, ಮುಂದೆ ಇಡೀ ದೇಶದ ರೇಡಿಯೋಗೆ ಬಂದ ಹೆಸರು. ನಮ್ಮ ಜಿಲ್ಲೆಗೆ ಮಂಗಳೂರು ಆಕಾಶವಾಣಿ ಬಂದದ್ದು 1976ರ ಡಿಸೆಂಬರಿನಲ್ಲಿ. ತುಳು, ಕೊಂಕಣಿ, ತಾಳಮದ್ದಳೆ ಮನೆ ಮನೆಯ ರೇಡಿಯೋದಲ್ಲಿ ಕೇಳುವ ಹಾಗಾಯಿತು. ಇಂದು ಪುತ್ತೂರಿನಲ್ಲೇ ವಿವೇಕಾನಂದ ಕಾಲೇಜಿನ ಆವರಣದಿಂದ 90.8ರಲ್ಲಿ ರೇಡಿಯೋ ಪಾಂಚಜನ್ಯ ಬರುತ್ತದೆ.

ಪಾಡ್ದನದ ಕಥೆಯನ್ನೂ ಇಲ್ಲಿಯೇ ಹೇಳಬೇಕು. ಬಾಸೆಲ್ ಮಿಷನ್ನಿನ ಮ್ಯಾನರ್ ಅವರು ಪಾಡ್ದನಗಳನ್ನು ಒಟ್ಟುಮಾಡಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ್ದು 1886ರಲ್ಲಿ. ಅದರಿಂದ ಶಬ್ದ ಉಳಿಯಿತು, ಸ್ವರ ಉಳಿಯಲಿಲ್ಲ. ನೂರು ವರ್ಷ ದಾಟಿದ ಮೇಲೆ, 1990ರ ಡಿಸೆಂಬರಿನಲ್ಲಿ, ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹಾಂಕೋ ಅವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರ ಜತೆ ಸೇರಿ ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರ ಬಾಯಿಂದ ಸಿರಿ ಪಾಡ್ದನವನ್ನು ಹಲವು ದಿನ ದಾಖಲಿಸಿಕೊಂಡರು. 1998ರಲ್ಲಿ ಪುಸ್ತಕವಾಗಿ ಬಂದಾಗ ಅದು 15,683 ಸಾಲು. ಒಬ್ಬ ಮನುಷ್ಯನ ನೆನಪಿನಲ್ಲಿ ಅಷ್ಟಿತ್ತು. ಅದು ಜಗತ್ತಿಗೆ ತಿಳಿದದ್ದು ಮೈಕ್ ಸರಿಯಾಗಿ ಕೆಲಸ ಮಾಡಿದ್ದರಿಂದ.

ಸುಳ್ಯದ ಕಡೆಯ ಅರೆಭಾಷೆಯ ಕಥೆಗಳೂ ಹೀಗೇ. 1837ರ ಅಮರ ಸುಳ್ಯ ದಂಗೆಯ ಸುದ್ದಿ ಸರಕಾರಿ ಕಡತದಲ್ಲಿ ಒಂದು ತರ ಉಂಟು, ಮನೆಗಳಲ್ಲಿ ಹಿರಿಯರು ಹೇಳುವುದು ಇನ್ನೊಂದು ತರ. ಕಡತವನ್ನು ಯಾವಾಗ ಬೇಕಾದರೂ ಓದಬಹುದು. ಹಿರಿಯರು ಹೇಳುವುದನ್ನು ಅವರು ಇರುವಾಗಲೇ ಕೇಳಬೇಕು.

ಪಿನ್ ಸಣ್ಣದಾಯಿತು, ಭಾಗ ಹೆಚ್ಚಾಯಿತು

ಟ್ರಾನ್ಸಿಸ್ಟರ್ ರೇಡಿಯೋ ಬಂದಾಗ ಕಾಲು ಇಂಚಿನ ಪಿನ್ ಅದರ ಮೈಗೆ ದೊಡ್ಡದಾಯಿತು. ಅದನ್ನೇ ಸಣ್ಣದು ಮಾಡಿ 3.5 ಮಿಲಿಮೀಟರಿನ ಪಿನ್ ಬಂತು. ಇಯರ್‌ಫೋನಿನದ್ದು ಎಂಬ ಲೆಕ್ಕದಲ್ಲಿ ಅಂಗಡಿಗಳಲ್ಲಿ ಇದಕ್ಕೆ ಇ.ಪಿ. ಪಿನ್ ಎನ್ನುವುದು. ಆಗ ಅದಕ್ಕೆ ಎರಡೇ ಭಾಗ: ತುದಿಯಲ್ಲಿ ಸ್ವರ, ತೋಳಿನಲ್ಲಿ ಅರ್ತ್.

ನಮ್ಮ ಕರಾವಳಿಗೆ ಟೇಪ್ ರೆಕಾರ್ಡರ್ ತುಂಬಾ ಬಂದದ್ದು ಗಲ್ಫಿಗೆ ಹೋದವರ ಪೆಟ್ಟಿಗೆಯಲ್ಲಿ. ಅದರಲ್ಲಿ ಕಿವಿಗೊಂದು ತೂತು, ಮೈಕಿಗೊಂದು ತೂತು. ಪಕ್ಕದಲ್ಲಿ ಬರೆದೂ ಇರುತ್ತಿತ್ತು. ತಪ್ಪುವ ಪ್ರಶ್ನೆಯೇ ಇಲ್ಲ. 1979ರಲ್ಲಿ ಸೋನಿಯ ವಾಕ್‌ಮನ್ ಬಂದ ಮೇಲೆ ಎಡ ಕಿವಿಗೆ ಒಂದು, ಬಲ ಕಿವಿಗೆ ಒಂದು ಬೇಕಲ್ಲ? ಪಿನ್ನಿಗೆ ಒಂದು ಉಂಗುರ ಸೇರಿತು. ಭಾಗ ಮೂರಾಯಿತು.

ಕಂಪ್ಯೂಟರಿಗೂ ಹಾಗೆಯೇ ಎರಡು ತೂತು ಬಂತು. ಮೈಕ್ರೋಸಾಫ್ಟ್ ಮತ್ತು ಇಂಟೆಲ್ ಸೇರಿ ಮಾಡಿದ ಪಿಸಿ 99 ಎಂಬ ಮಾರ್ಗಸೂಚಿಯಲ್ಲಿ ಬಣ್ಣವೂ ನಿಗದಿಯಾಯಿತು: ಮೈಕಿಗೆ ಗುಲಾಬಿ, ಸ್ಪೀಕರಿಗೆ ಹಸಿರು. ಸೈಬರ್ ಸೆಂಟರಿನಲ್ಲಿ ಕೂತವರಿಗೆಲ್ಲ ಗೊತ್ತಿರುವ ಬಣ್ಣಗಳು.

ಗೊಂದಲ ಬಂದದ್ದು ಮೊಬೈಲಿನಿಂದ. ಮೊಬೈಲಿನಲ್ಲಿ ಎರಡು ತೂತಿಗೆ ಜಾಗ ಇಲ್ಲ. ಎಡ ಕಿವಿ, ಬಲ ಕಿವಿ, ಮೈಕ್, ಅರ್ತ್, ಈ ನಾಲ್ಕೂ ಒಂದೇ ಪಿನ್ನಿನಲ್ಲಿ ಹೋಗಬೇಕು. ಇನ್ನೊಂದು ಉಂಗುರ ಸೇರಿತು. ಕೊನೆಯ ಎರಡು ಭಾಗದಲ್ಲಿ ಮೈಕ್ ಯಾವುದು, ಅರ್ತ್ ಯಾವುದು ಎಂಬುದರಲ್ಲಿ ಕಂಪೆನಿಗಳು ಒಂದೇ ಮಾತಿಗೆ ಬರಲಿಲ್ಲ. ಓಎಂಟಿಪಿ ಎಂಬ ಪಂಗಡದ ಲೆಕ್ಕದಲ್ಲಿ ಎರಡನೇ ಉಂಗುರ ಮೈಕಿಗೆ, ತೋಳು ಅರ್ತಿಗೆ. ಸಿಟಿಐಎ ಎಂಬ ಇನ್ನೊಂದು ಲೆಕ್ಕದಲ್ಲಿ ಅದು ತಿರುಗಾಮುರುಗಾ. ಹಿಂದೆ ಒಂದು ಫೋನಿನ ಇಯರ್‌ಫೋನ್ ಇನ್ನೊಂದಕ್ಕೆ ಹಾಕಿದರೆ ಹಾಡುವವರ ಸ್ವರ ಮಾಯವಾಗಿ ಬರೇ ವಾದ್ಯ ಕೇಳುತ್ತಿದ್ದದ್ದು ನೆನಪುಂಟಾ? ಅದು ಈ ಜಗಳದ ಫಲ. ಕೊನೆಗೆ ಸಿಟಿಐಎ ಲೆಕ್ಕವೇ ಹೆಚ್ಚಾಗಿ ಉಳಿಯಿತು.

ಲ್ಯಾಪ್‌ಟಾಪುಗಳು ತೆಳ್ಳಗಾಗುತ್ತಾ ಬಂದ ಹಾಗೆ ಅವೂ ಎರಡು ತೂತು ಬಿಟ್ಟು ಮೊಬೈಲಿನ ಒಂದೇ ತೂತಿಗೆ ಬಂದವು. ಗುಲಾಬಿಯೂ ಹೋಯಿತು, ಹಸಿರೂ ಹೋಯಿತು.

ನಮ್ಮ ಕಡೆಯವರಿಗೆ ಇದನ್ನು ಸುಲಭದಲ್ಲಿ ಹೇಳಬಹುದು. ಪುತ್ತೂರು, ಸುಳ್ಯ ತಾಲೂಕುಗಳ ಗ್ರಾಮಗಳನ್ನು ತೆಗೆದು ಕಡಬ ತಾಲೂಕು ಮಾಡಿದರಲ್ಲ, ಹಾಗೆ. ಜಾಗ ಅದೇ, ಮನೆ ಅದೇ, ತೋಟ ಅದೇ. ಆದರೆ ಅರ್ಜಿ ಕೊಡಬೇಕಾದ ಆಫೀಸು ಬೇರೆ. ಹಳೇ ಅಭ್ಯಾಸದಲ್ಲಿ ಹಳೇ ಆಫೀಸಿಗೆ ಹೋದರೆ ಬಾಗಿಲು ತೆರೆದೇ ಇರುತ್ತದೆ, ಕೆಲಸ ಮಾತ್ರ ಆಗುವುದಿಲ್ಲ.

ಆ ದಿನ ತೂತಿನ ಒಳಗೆ ಆದದ್ದು

ನನ್ನ ಕಾಲರ್ ಮೈಕಿನ ಪಿನ್ನಿಗೆ ಮೂರು ಭಾಗ. ಕ್ಯಾಮರಾಕ್ಕೆ ಮತ್ತು ಹಳೇ ಗುಲಾಬಿ ತೂತಿಗೆ ಹೊಂದುವಂಥದ್ದು. ಅದರ ಸ್ವರ ಬರುವುದು ತುದಿಯಲ್ಲಿ. ಆದರೆ ಲ್ಯಾಪ್‌ಟಾಪಿನ ನಾಲ್ಕು ಭಾಗದ ತೂತಿನಲ್ಲಿ ತುದಿ ಎಂದರೆ ಎಡ ಕಿವಿ. ಅಂದರೆ ಅಜ್ಜಿಯ ಸ್ವರ ಹೋಗಿ ನಿಂತದ್ದು, ಸ್ವರ ಹೊರಗೆ ಬರುವ ಬಾಗಿಲಿನಲ್ಲಿ. ಇನ್ನು ನನ್ನ ಪಿನ್ನಿನ ಉದ್ದ ತೋಳು, ತೂತಿನೊಳಗಿನ ಮೈಕ್ ಮತ್ತು ಅರ್ತ್ ಎರಡನ್ನೂ ಒಟ್ಟಿಗೆ ಮುಟ್ಟಿ ಸೇರಿಸಿಬಿಟ್ಟಿತು. ಲ್ಯಾಪ್‌ಟಾಪ್ ಅದನ್ನು ನೋಡಿ, "ಇಲ್ಲಿ ಮೈಕ್ ಇಲ್ಲ, ಬರೇ ಹೆಡ್‌ಫೋನ್" ಎಂದು ತೀರ್ಮಾನಿಸಿತು. ಮೈಕಿಗೆ ಬೇಕಾದ ಎರಡು ಮೂರು ವೋಲ್ಟ್ ಹೋಗಲೇ ಇಲ್ಲ. ತನ್ನ ಒಳಗಿನ ಮೈಕಿನಲ್ಲೇ ರೆಕಾರ್ಡಿಂಗ್ ಮುಂದುವರಿಸಿತು. ಪರದೆಯ ಗೆರೆ ಕುಣಿದದ್ದು ಹಾಗೆ.

ಯಾವುದೂ ಕೆಟ್ಟಿರಲಿಲ್ಲ. ಅದಕ್ಕೇ ನನಗೆ ಗೊತ್ತಾಗಲಿಲ್ಲ.

ನೀವು ಹೀಗೆ ಮಾಡಿ

ಮನೆಯ ಹಿರಿಯರ ಮಾತು, ಭಜನೆ, ತಾಳಮದ್ದಳೆ ದಾಖಲಿಸುವವರು, ಆನ್‌ಲೈನ್ ಕ್ಲಾಸಿಗೆ ಕೂರುವ ಮಕ್ಕಳು, ಇಷ್ಟು ನೆನಪಿಟ್ಟರೆ ಸಾಕು.

ಮೊದಲು ಪಿನ್ನಿನ ಮೇಲಿನ ಗೆರೆ ಎಣಿಸಿ. ಕಪ್ಪು ಅಥವಾ ಬಿಳಿ ಗೆರೆ ಮೂರಿದ್ದರೆ ಭಾಗ ನಾಲ್ಕು. ಅದು ಮೊಬೈಲಿನ ಮೈಕ್, ಒಂದೇ ತೂತಿನ ಲ್ಯಾಪ್‌ಟಾಪಿಗೆ ಸಾಮಾನ್ಯವಾಗಿ ನೇರ ಹೊಂದುತ್ತದೆ. ಗೆರೆ ಎರಡೇ ಇದ್ದರೆ ಹೊಂದುವುದಿಲ್ಲ.

ಲ್ಯಾಪ್‌ಟಾಪಿನ ತೂತಿನ ಪಕ್ಕದ ಚಿತ್ರ ನೋಡಿ. ಹೆಡ್‌ಫೋನಿಗೆ ಮೈಕ್ ಅಂಟಿದ ಚಿತ್ರ ಇದ್ದರೆ ಮೈಕಿಗೂ ಜಾಗ ಉಂಟು. ಬರೇ ಹೆಡ್‌ಫೋನ್ ಚಿತ್ರ ಇದ್ದರೆ ಅಲ್ಲಿ ಮೈಕ್ ನಡೆಯದಿರುವುದೇ ಹೆಚ್ಚು. ಹಳೇ ಲ್ಯಾಪ್‌ಟಾಪಿನಲ್ಲಿ ಎರಡು ತೂತಿದ್ದರೆ ಮೈಕ್ ಚಿತ್ರದ ತೂತಿಗೆ ಎರಡು ಗೆರೆಯ ಪಿನ್ ಹಾಕಿ.

ಎರಡು ಗೆರೆಯ ಮೈಕನ್ನು ಒಂದೇ ತೂತಿಗೆ ಹಾಕಬೇಕಾದರೆ ನಡುವೆ ಒಂದು ಸಣ್ಣ ಸ್ಪ್ಲಿಟರ್ ಬೇಕು. ಒಂದು ಕಡೆ ಮೂರು ಗೆರೆಯ ಪಿನ್, ಇನ್ನೊಂದು ಕಡೆ ಮೈಕಿಗೂ ಹೆಡ್‌ಫೋನಿಗೂ ಬೇರೆ ಬೇರೆ ತೂತು. ಅಂಗಡಿಯಲ್ಲಿ ಜಾಗ್ರತೆ: ಇಬ್ಬರು ಒಟ್ಟಿಗೆ ಹಾಡು ಕೇಳಲು ಬರುವ ಸ್ಪ್ಲಿಟರೂ ನೋಡಲು ಹಾಗೇ ಇರುತ್ತದೆ. ಅದು ಬೇಡ. ತೂತಿನ ಹತ್ತಿರ ಮೈಕ್ ಚಿತ್ರ ಇರುವುದನ್ನೇ ಕೇಳಿ. ಇದೂ ತಲೆನೋವು ಎನ್ನುವವರು ಸಣ್ಣ ಯುಎಸ್‌ಬಿ ಸೌಂಡ್ ಕಾರ್ಡ್ ತೆಗೆದುಕೊಳ್ಳಬಹುದು. ಅದರಲ್ಲಿ ಹೆಚ್ಚಾಗಿ ಹಳೇ ಕಾಲದ ಹಾಗೆ ಮೈಕಿಗೆ ಬೇರೆಯೇ ತೂತಿರುತ್ತದೆ.

ಮೈಕ್‌ಸೆಟ್ಟಿನ ದೊಡ್ಡ ಮೈಕನ್ನು ಪಿನ್ ಬದಲಿಸಿ ನೇರ ಲ್ಯಾಪ್‌ಟಾಪಿಗೆ ಹಾಕಿದರೆ ಸ್ವರ ಕ್ಷೀಣವಾಗಿ ಬರುತ್ತದೆ. ನಡುವೆ ಮಿಕ್ಸರ್ ಇರಲಿ. ಆಂಪ್ಲಿಫಯರಿನ ಸ್ಪೀಕರಿಗೆ ಹೋಗುವ ತಂತಿಯನ್ನಂತೂ ಲ್ಯಾಪ್‌ಟಾಪಿಗೆ ಮುಟ್ಟಿಸಲೇಬೇಡಿ, ಒಳಗೆ ಸುಟ್ಟುಹೋಗಬಹುದು.

ಎಲ್ಲಕ್ಕಿಂತ ಮುಖ್ಯ, ಉಗುರಿನ ಪರೀಕ್ಷೆ. ಅರ್ಧ ನಿಮಿಷ ರೆಕಾರ್ಡಿಂಗ್ ಹಾಕಿ, ಮೊದಲು ಕಾಲರ್ ಮೈಕನ್ನು ಉಗುರಿನಿಂದ ಮೆಲ್ಲ ಗೀರಿ, ಆಮೇಲೆ ಲ್ಯಾಪ್‌ಟಾಪಿನ ಮೈ ಮೇಲೆ ಗೀರಿ. ನಿಲ್ಲಿಸಿ ಕೇಳಿ. ಯಾವುದು ಕರಕರ ಎಂದು ಜೋರು ಕೇಳುತ್ತದೋ ಅದೇ ಕೆಲಸ ಮಾಡುತ್ತಿರುವ ಮೈಕ್. ಗೆರೆ ಕುಣಿಯುವುದನ್ನು ನಂಬಬೇಡಿ. ಕಿವಿಯನ್ನು ನಂಬಿ.

ಈಗ ಫೋನುಗಳಿಂದ ಆ ತೂತೇ ಮಾಯವಾಗುತ್ತಿದೆ. 2016ರಲ್ಲಿ ಆಪಲ್ ತನ್ನ ಐಫೋನ್ 7ರಿಂದ ಅದನ್ನು ತೆಗೆಯಿತು, ಮತ್ತೆ ಅನೇಕರು ಅದೇ ದಾರಿ ಹಿಡಿದರು. ಲ್ಯಾಪ್‌ಟಾಪುಗಳಲ್ಲಿ ಇನ್ನೂ ಉಂಟು. ಅದು ಇರುವಷ್ಟು ದಿನ ಅದರ ಜಾತಕ ಗೊತ್ತಿರುವುದು ಒಳ್ಳೆಯದು.

ಸ್ಪ್ಲಿಟರ್ ತೆಗೆದುಕೊಂಡು, ಉಗುರಿನ ಪರೀಕ್ಷೆ ಮಾಡಿ, ದೀಪಾವಳಿ ಕಳೆದ ಮೇಲೆ ನಾನು ಪುನಃ ಅಜ್ಜಿಯ ಮನೆಗೆ ಹೋದೆ. ಮಳೆ ಇರಲಿಲ್ಲ, ಅಂಗಳದಲ್ಲಿ ಅಡಿಕೆ ಒಣಗುತ್ತಿತ್ತು. ಅಜ್ಜಿ ಹೇಳಿದರು. ಈ ಸಲ ಸ್ವರ ಸ್ಪಷ್ಟವಾಗಿ ಬಂದಿದೆ, ಉಸಿರು ಎಳೆದದ್ದೂ ಕೇಳುತ್ತದೆ. ಆದರೆ ಇಪ್ಪತ್ತು ನಿಮಿಷಕ್ಕೆ ಮುಗಿಯಿತು. ನಡುವೆ ಎರಡು ಕಡೆ ನಿಂತರು, ಸೊಸೆಯ ಮುಖ ನೋಡಿದರು.

"ಅವತ್ತು ಹೇಳಿದ್ದು ಇಷ್ಟೇ ಅಲ್ಲ ಮಗಾ," ಎಂದರು. "ಅವತ್ತಿನದ್ದು ನಿನ್ನ ಹತ್ತಿರ ಉಂಟಲ್ಲ?"

ಉಂಟು ಎಂದೆ. ಸುಳ್ಳಲ್ಲ. ಫ್ಯಾನಿನ ಹಿಂದೆ, ಮಳೆಯ ಹಿಂದೆ, ಎಲ್ಲೋ ಉಂಟು.